ಹಿತ್ತಲ ಜಗಲಿಯ ಜನರೇಟರ್

ಗ್ಯಾಸ್ ಸಿಲಿಂಡರಿನ ವಿಷಯದಲ್ಲಿ ನಮ್ಮ ಹೆಂಗಸರಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. ವಾಸನೆ ಬಂದರೆ ದೀಪದ ಸ್ವಿಚ್ ಮುಟ್ಟಬಾರದು, ರೆಗ್ಯುಲೇಟರ್ ಮುಚ್ಚಿ ಕಿಟಕಿ ತೆರೆಯಬೇಕು ಎಂಬುದು ಹತ್ತು ವರ್ಷದ ಹುಡುಗಿಗೂ ಗೊತ್ತು. ಮಿಕ್ಸಿಯೊಳಗೆ ಕೈ ಹಾಕುವ ಮೊದಲು ಪ್ಲಗ್ ಕೀಳಬೇಕೆಂಬುದೂ ಗೊತ್ತು. ಆದರೆ ಅದೇ ಮನೆಯ ಮೆಟ್ಟಿಲ ಕೆಳಗೆ ಒಂದು ಜನರೇಟರ್ ಇರುತ್ತದೆ. ಕೊಟ್ಟಿಗೆಯ ಗೂಟಕ್ಕೆ ಹುಲ್ಲು ಕೊಚ್ಚುವ ಬ್ರಷ್ ಕಟರ್ ನೇತು ಹಾಕಿರುತ್ತಾರೆ. ಬಚ್ಚಲ ಮೂಲೆಯಲ್ಲಿ ಹಳೆಯ ಎಣ್ಣೆ ಕ್ಯಾನಿನಲ್ಲಿ ಐದು ಲೀಟರ್ ಪೆಟ್ರೋಲ್ ಇರುತ್ತದೆ. ಇವುಗಳ ಬಗ್ಗೆ ವಿಚಾರಿಸಿದರೆ, "ಅದೆಲ್ಲ ಗಂಡಸರ ವಿಷಯ, ನಮಗೇನು ಗೊತ್ತಾಗುತ್ತೆ?" ಎಂಬ ಉತ್ತರ ಬರುತ್ತದೆ.

ಓಡಿಸುವವರು ಗಂಡಸರೇ ಇರಬಹುದು. ಆದರೆ ಹಗ್ಗ ಎಳೆದು ಚಾಲೂ ಮಾಡಿ ಅವರು ತೋಟಕ್ಕೋ ಅಂಗಡಿಗೋ ಹೊರಟುಬಿಡುತ್ತಾರೆ. ಆಮೇಲೆ ಅದರ ಶಬ್ದ, ಹೊಗೆ, ಬಿಸಿ ಎಲ್ಲದರ ಜೊತೆ ಮನೆಯಲ್ಲಿ ಉಳಿಯುವವರು ನಾವು, ನಮ್ಮ ಮಕ್ಕಳು, ಹಾಸಿಗೆ ಹಿಡಿದ ಹಿರಿಯರು. ಅದಕ್ಕೇ ಈ ವಿಷಯವನ್ನು ಮನೆಮಂದಿಯ ಪತ್ರಿಕೆಯಲ್ಲಿ ಬರೆಯಬೇಕೆನಿಸಿತು.

ಎಂಜಿನ್ನುಗಳ ಬಗ್ಗೆ ನನಗೆ ಒಂದಿಷ್ಟು ತಿಳಿದಿದ್ದರೆ ಅದು ಅಬ್ಬಾನಿಂದ. ಅವರಿಗೆ ಗುಬ್ಬಿಯಲ್ಲಿ ಒಂದು ಸಣ್ಣ ವರ್ಕ್‌ಶಾಪ್ ಇತ್ತು. ಮುಂದೆ ವರ್ಕ್‌ಶಾಪ್, ಹಿಂದೆ ಮನೆ, ನಡುವೆ ಒಂದು ಗೋಣಿ ಪರದೆ. ಆಗ ಹೆಚ್ಚಾಗಿ ಬರುತ್ತಿದ್ದುದು ರೈತರ ವಿಲ್ಲಿಯರ್ಸ್ ಪಂಪ್ ಎಂಜಿನ್. ಪೆಟ್ರೋಲಿನಲ್ಲಿ ಚಾಲೂ ಮಾಡಿ, ಬಿಸಿಯಾದ ಮೇಲೆ ಸೀಮೆಎಣ್ಣೆಗೆ ತಿರುಗಿಸುವಂಥದ್ದು. ರಾಟೆಗೆ ಹಗ್ಗ ಸುತ್ತಿ ಎಳೆಯಬೇಕು. ಒಮ್ಮೊಮ್ಮೆ ಎಂಜಿನ್ ತಿರುಗಿ ಎಳೆಯುತ್ತಿತ್ತು. ಹಗ್ಗವನ್ನು ಮುಂಗೈಗೆ ಸುತ್ತಿಕೊಂಡು ಎಳೆದ ಒಬ್ಬ ರೈತರ ಮಣಿಕಟ್ಟು ಮುರಿದದ್ದನ್ನು ಪರದೆಯ ಸಂದಿಯಿಂದ ಕಂಡಿದ್ದೇನೆ. "ಹಗ್ಗ ಬೆರಳಲ್ಲಿ ಹಿಡೀಬೇಕು, ಕೈಗೆ ಸುತ್ತಬಾರದು" ಎಂದು ಅಬ್ಬಾ ಬಂದವರಿಗೆಲ್ಲ ಹೇಳುತ್ತಿದ್ದರು. ಹೆಣ್ಣುಮಕ್ಕಳು ವರ್ಕ್‌ಶಾಪಿಗೆ ಬರಬಾರದು ಎಂಬ ಕಟ್ಟಳೆ ನಮ್ಮಲ್ಲಿರಲಿಲ್ಲ. ಕಾರ್ಬುರೇಟರ್ ಜೆಟ್ ಊದಿ ಕೊಡುವುದು, ಪ್ಲಗ್ ಉಜ್ಜುವುದು ನನ್ನ ಕೆಲಸ. ಓದಿಗಿಂತ ಅದರಲ್ಲೇ ನನಗೆ ಆಸಕ್ತಿ ಎಂದು ಅಮ್ಮಿ ಗೊಣಗುತ್ತಿದ್ದರು.

ಮದುವೆಯಾಗಿ ಬಂದದ್ದು ದೇವರಾಯನದುರ್ಗದ ತಪ್ಪಲಿನ ಒಂದು ಹಳ್ಳಿಗೆ. ತುಮಕೂರಿಗೆ ಸುಮಾರು 15 ಕಿಲೋಮೀಟರ್ ದೂರ. ಬೆಟ್ಟದ ಮೇಲೆ ಯೋಗ ನರಸಿಂಹ, ಕೆಳಗೆ ಭೋಗ ನರಸಿಂಹ, ಅತ್ತ ನಾಮದ ಚಿಲುಮೆ. ಮೈಸೂರಿನ ಚಿಕ್ಕದೇವರಾಜ ಒಡೆಯರು ಗೆದ್ದುಕೊಂಡ ಮೇಲೆ ಬೆಟ್ಟಕ್ಕೆ ಈ ಹೆಸರು ಬಂತಂತೆ. ಬೆಟ್ಟದ ಸುತ್ತ ಅರಣ್ಯ ಇಲಾಖೆಯ ಕಾಡು. ಕಾಡಿನ ಬೇಲಿಗೆ ತಾಗಿದಂತೆ ನಮ್ಮ ಮಾವನವರ ಅಡಿಕೆ ತೋಟ. ಭಾನುವಾರ ಬೆಂಗಳೂರಿನವರು ತಂಪು ಗಾಳಿ ಹುಡುಕಿಕೊಂಡು ಬರುವ ಜಾಗದಲ್ಲಿ ನಾವು ಕರೆಂಟ್ ಹುಡುಕಿಕೊಂಡು ಇರುತ್ತೇವೆ. ನಮ್ಮದೇ ಜಿಲ್ಲೆಯ ಪಾವಗಡದಲ್ಲಿ 2,050 ಮೆಗಾವಾಟ್ ಸೋಲಾರ್ ಪಾರ್ಕ್ ಇದೆ, ದೇಶವೇ ಬೆರಗಾಗುವಷ್ಟು ದೊಡ್ಡದು. ಆದರೂ ಹಳ್ಳಿಯ ಕರೆಂಟಿನ ಕಥೆ ಬದಲಾಗಲಿಲ್ಲ ಎಂದು ಮಾವ ಆಗಾಗ ನಗುತ್ತಾರೆ.

2023ರಲ್ಲಿ ಮಳೆ ಕೈಕೊಟ್ಟಿತು. ರಾಜ್ಯದ 236 ತಾಲೂಕುಗಳ ಪೈಕಿ 223ನ್ನು ಬರಪೀಡಿತವೆಂದು ಸರಕಾರ ಘೋಷಿಸಿದ ವರ್ಷ ಅದು. ಅಕ್ಟೋಬರಿನಲ್ಲಿ ವಿದ್ಯುತ್ ಕೊರತೆ ಎಷ್ಟಾಯಿತೆಂದರೆ ಪಂಪ್‌ಸೆಟ್ಟಿಗೆ ಸಿಗುವ ಗಂಟೆಗಳನ್ನು ಲೆಕ್ಕ ಹಾಕಿ ತೋಟಕ್ಕೆ ನೀರು ಬಿಡುತ್ತಿದ್ದೆವು. ಮನೆಯಲ್ಲಿ ಸಂಜೆಯಾದರೆ ಕತ್ತಲು. ಅದೇ ಹೊತ್ತಿಗೆ ನಾದಿನಿ ಕುಣಿಗಲ್ಲಿನ ಗಂಡನ ಮನೆಯಿಂದ ಚೊಚ್ಚಲ ಬಾಣಂತನಕ್ಕೆ ಬಂದಿದ್ದಳು. ಹೆಣ್ಣು ಮಗು, ಹನ್ನೆರಡು ದಿನದ್ದು. ಬಾಣಂತಿ ಮನೆಯಲ್ಲಿ ಫ್ಯಾನೂ ಇಲ್ಲ, ದೀಪವೂ ಇಲ್ಲ ಎಂದು ಮೈದುನ ತುಮಕೂರಿನ ಶಾಮಿಯಾನದವರೊಬ್ಬರಿಂದ ಹಳೆಯ ಪೆಟ್ರೋಲ್ ಜನರೇಟರ್ ತಂದ. ಪ್ರೀತಿಯಿಂದಲೇ ತಂದದ್ದು.

ಎಲ್ಲಿಡುವುದು ಎಂಬ ಪ್ರಶ್ನೆ ಬಂತು. ಅಂಗಳದಲ್ಲಿಟ್ಟರೆ ಕಳ್ಳರ ಭಯ. ವೈರ್ ಬೇರೆ ಗಿಡ್ಡ. ಕೊನೆಗೆ ಹಿತ್ತಲ ಜಗಲಿಯಲ್ಲಿ ಇಟ್ಟರು. ಮೂರು ಕಡೆ ಗೋಡೆ, ಒಂದು ಕಡೆ ಗ್ರಿಲ್, ಮೇಲೆ ಶೀಟು. ಜಗಲಿಗೆ ಅಂಟಿದ್ದೇ ಬಾಣಂತಿಯ ಕೋಣೆ. ನಾನು ಆಗ ಅಬ್ಬಾನಿಗೆ ಹುಷಾರಿಲ್ಲವೆಂದು ವಾರದಿಂದ ಗುಬ್ಬಿಯಲ್ಲಿದ್ದೆ. ಮನೆಗೆ ಮರಳಿದ ಸಂಜೆ ಬಸ್ಸಿನಿಂದಿಳಿದು ನಡೆದು ಬರುವಾಗಲೇ ಎಂಜಿನ್ ಸದ್ದು ಕೇಳಿಸಿತು. ಒಳಗೆ ಕಾಲಿಟ್ಟರೆ ಅತ್ತೆ ಅಡುಗೆಮನೆಯ ಬಾಗಿಲಲ್ಲಿ ತಲೆಗೆ ಬಟ್ಟೆ ಕಟ್ಟಿಕೊಂಡು ಕೂತಿದ್ದರು.

"ಬೇಟಿ, ಮೂರು ದಿನದಿಂದ ಸಂಜೆಯಾದ್ರೆ ಸಾಕು, ತಲೆ ಸಿಡಿದು ಹೋಗ್ತದೆ. ಅವಳಿಗೂ ಹಾಗೇ. ಮಗು ಎದೆಗೇ ಬರ್ತಿಲ್ಲ, ಬರೀ ನಿದ್ದೆ. ಯಾರದೋ ದೃಷ್ಟಿ ಬಿದ್ದಿದೆ" ಎಂದರು.

ಕೋಣೆಗೆ ಹೋದೆ. ಬಾಣಂತಿಗೆ ಗಾಳಿ ತಾಗಬಾರದೆಂದು ಹೊರಗಿನ ಕಿಟಕಿ ಮುಚ್ಚಿ ಸಂದಿಗೆ ಬಟ್ಟೆ ತುರುಕಿದ್ದರು. ಜಗಲಿಗಿದ್ದ ಬಾಗಿಲು ಮಾತ್ರ ವೈರ್ ಬರಲೆಂದು ನಾಲ್ಕು ಬೆರಳು ತೆರೆದಿತ್ತು. ಮಂಚದ ಕೆಳಗೆ ಅಗ್ಗಿಷ್ಟಿಕೆಯಲ್ಲಿ ಕೆಂಡ, ಮೇಲೆ ಲೋಬಾನ. ಲೋಬಾನದ ಪರಿಮಳದಲ್ಲಿ ಪೆಟ್ರೋಲ್ ಹೊಗೆಯ ವಾಸನೆ ಅಡಗಿಹೋಗಿತ್ತು. ನಾದಿನಿ ಕಣ್ಣು ತೆರೆದಳು, ಆದರೆ ಏನು ಕೇಳಿದರೂ ತಡವರಿಸಿ ಉತ್ತರ. "ಭಾಭೀ... ಯಾವಾಗ ಬಂದ್ರಿ" ಎಂದು ಎರಡು ಸಲ ಕೇಳಿದಳು. ಮಗುವಿನ ಪಾದ ಚಿವುಟಿದರೂ ಅಳು ಬರಲಿಲ್ಲ, ಸಣ್ಣಗೆ ನರಳಿತು.

ಇಂಥದ್ದನ್ನು ನಾನು ಒಮ್ಮೆ ನೋಡಿದ್ದೆ. ಮಳೆಗಾಲದ ಒಂದು ದಿನ ವರ್ಕ್‌ಶಾಪಿನ ಶಟರ್ ಅರ್ಧ ಎಳೆದು ಎಂಜಿನ್ ಟ್ಯೂನ್ ಮಾಡುತ್ತಿದ್ದ ಕೆಲಸದ ಹುಡುಗ ಹಾಗೇ ಕುಸಿದಿದ್ದ. ಅಬ್ಬಾ ಅವನನ್ನು ರಸ್ತೆಗೆ ಎಳೆದು ಮಲಗಿಸಿದ್ದರು. ಮೈದುನನಿಗೆ ಕೂಗಿ ಜನರೇಟರ್ ಆರಿಸು ಎಂದೆ. ಮಗುವನ್ನೆತ್ತಿಕೊಂಡು ನಾನು, ತಂಗಿಯನ್ನು ಹೊತ್ತುಕೊಂಡು ಅವನು, ಇಬ್ಬರೂ ಅಂಗಳಕ್ಕೆ ಬಂದೆವು. ಅತ್ತೆ, "ಬಾಣಂತಿಗೆ ಹೊರಗಿನ ಗಾಳಿ!" ಎಂದು ಬಾಯಿ ಬಡಿದುಕೊಳ್ಳುತ್ತಿದ್ದರು. ಕೊರೊನಾ ಕಾಲದಲ್ಲಿ ತಂದಿಟ್ಟಿದ್ದ ಬೆರಳಿಗೆ ಸಿಕ್ಕಿಸುವ ಯಂತ್ರವನ್ನು ಮೈದುನ ತಂದು ನಾದಿನಿಯ ಬೆರಳಿಗೆ ಹಾಕಿದ. "ನೋಡಿ ಭಾಭಿ, 98 ಇದೆ. ಏನೂ ಆಗಿಲ್ಲ, ಸುಮ್ಮನೆ ಹೆದರಿಸ್ತೀರಿ" ಎಂದ.

ಆ 98ನ್ನು ನಂಬುವಂತಿರಲಿಲ್ಲ. ಅದೇಕೆಂದು ಮುಂದೆ ಹೇಳುತ್ತೇನೆ. 108ಕ್ಕೆ ಫೋನ್ ಮಾಡಿಸಿದೆ. ಜನರೇಟರ್ ಹೊಗೆ ಕುಡಿದಿದ್ದಾರೆ, ಆಕ್ಸಿಜನ್ ಬೇಕು ಎಂದು ಮೊದಲೇ ಹೇಳಿದ್ದರಿಂದ ಆಂಬ್ಯುಲೆನ್ಸ್ ಒಳಗೇ ಮುಖಕ್ಕೆ ಮಾಸ್ಕ್ ಬಂತು. ತುಮಕೂರು ಮುಟ್ಟುವ ಹೊತ್ತಿಗೆ ಮಗು ಅತ್ತಿತು. ಆ ಅಳುವಿನಷ್ಟು ಹಿತವಾದ ಸದ್ದನ್ನು ನಾನು ಕೇಳಿಲ್ಲ. ಮೂರನೆಯ ದಿನ ಇಬ್ಬರನ್ನೂ ಮನೆಗೆ ಕಳಿಸಿದರು, ಅಲ್‌ಹಮ್ದುಲಿಲ್ಲಾಹ್.

ಪೆಟ್ರೋಲ್ ಪೂರ್ತಿ ಉರಿಯದಿದ್ದಾಗ ಕಾರ್ಬನ್ ಮೊನಾಕ್ಸೈಡ್ ಎಂಬ ಅನಿಲ ಹುಟ್ಟುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ, ಕಣ್ಣು ಮೂಗು ಉರಿಯುವುದೂ ಇಲ್ಲ. ಹೊಗೆಯಲ್ಲಿ ನಮಗೆ ಬರುವ ವಾಸನೆ ಬೇರೆ ವಸ್ತುಗಳದ್ದು. ಆ ವಾಸನೆ ಕಡಿಮೆಯಿದೆ ಎಂದರೆ ಈ ಅನಿಲವೂ ಕಡಿಮೆಯಿದೆ ಎಂದು ತಿಳಿಯಬಾರದು. ನಮ್ಮ ರಕ್ತದಲ್ಲಿ ಆಮ್ಲಜನಕವನ್ನು ಹೊತ್ತೊಯ್ಯುವ ಹಿಮೋಗ್ಲೋಬಿನ್‌ಗೆ ಇದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. ಉಸಿರಾಟ ನಡೆಯುತ್ತಲೇ ಇರುತ್ತದೆ, ಆದರೆ ಮೆದುಳಿಗೂ ಹೃದಯಕ್ಕೂ ಆಮ್ಲಜನಕ ತಲುಪುವುದಿಲ್ಲ. ಮೊದಲು ತಲೆನೋವು, ಓಕರಿಕೆ, ಸುಸ್ತು. ಆಮೇಲೆ ಮಂಪರು, ಗೊಂದಲ. ಆಮೇಲೆ ಎಚ್ಚರ ತಪ್ಪುವುದು. ಮಲಗಿದವರಿಗೆ ಇದ್ಯಾವುದೂ ಗೊತ್ತಾಗದೆ ಪ್ರಾಣ ಹೋಗಬಹುದು. ಗರ್ಭಿಣಿಯರಿಗೆ, ಹೊಟ್ಟೆಯಲ್ಲಿರುವ ಕೂಸಿಗೆ, ಎಳೆಯ ಮಕ್ಕಳಿಗೆ, ಹೃದಯದ ಕಾಯಿಲೆ ಇರುವವರಿಗೆ ಅಪಾಯ ಇನ್ನೂ ಹೆಚ್ಚು. ಮುಚ್ಚಿದ ಕೋಣೆಯ ಇದ್ದಿಲ ಕೆಂಡದಿಂದಲೂ ಇದೇ ಅನಿಲ ಬರುತ್ತದೆ. ನಮ್ಮ ಬಾಣಂತಿ ಕೋಣೆಯಲ್ಲಿ ಎರಡೂ ಸೇರಿದ್ದವು.

ಬೆರಳಿನ ಯಂತ್ರದ ವಿಷಯ. ಅದು ರಕ್ತದ ಬಣ್ಣ ನೋಡಿ ಲೆಕ್ಕ ಹಾಕುತ್ತದೆ. ಆಮ್ಲಜನಕ ಹೊತ್ತ ಹಿಮೋಗ್ಲೋಬಿನ್ ಯಾವುದು, ಈ ವಿಷಾನಿಲ ಹೊತ್ತದ್ದು ಯಾವುದು ಎಂದು ಸಾಮಾನ್ಯ ಯಂತ್ರಕ್ಕೆ ಗುರುತು ಸಿಗುವುದಿಲ್ಲ, ಎರಡೂ ಕೆಂಪೇ. ಆದ್ದರಿಂದ ಮನುಷ್ಯ ಕುಸಿಯುತ್ತಿದ್ದರೂ ಅದು 97, 98 ಎಂದೇ ತೋರಿಸಬಹುದು. ನಿಜ ತಿಳಿಯಲು ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಆಗಬೇಕು. ಬರೀ ಗಾಳಿಯಲ್ಲಿ ಕೂತರೆ ದೇಹದಲ್ಲಿನ ವಿಷ ಅರ್ಧಕ್ಕಿಳಿಯಲು ನಾಲ್ಕೈದು ಗಂಟೆ ಬೇಕು. ಮಾಸ್ಕಿನಲ್ಲಿ ಶುದ್ಧ ಆಕ್ಸಿಜನ್ ಕೊಟ್ಟರೆ ಸುಮಾರು ಒಂದೂವರೆ ಗಂಟೆ ಸಾಕು. ಕೊರೊನಾ ಮುಗಿದ ಮೇಲೂ ಆ ಯಂತ್ರ ಬಹಳ ಮನೆಗಳ ಕಪಾಟಿನಲ್ಲಿದೆ. ಅದಕ್ಕೇ ಇಷ್ಟು ಬಿಡಿಸಿ ಬರೆದೆ.

ಇದು ಹಳ್ಳಿಯವರ ಅಜ್ಞಾನ ಎಂದು ಯಾರಾದರೂ ಮೂಗು ಮುರಿಯುವುದಿದ್ದರೆ ಅಮೆರಿಕದ ಕಡೆ ನೋಡಲಿ. ಅಲ್ಲಿ ಜನರೇಟರ್ ಹೊಗೆಯಿಂದ ಪ್ರತಿವರ್ಷ ಸುಮಾರು 100 ಮಂದಿ ಸಾಯುತ್ತಾರೆಂದು ಅಲ್ಲಿನ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗವೇ ಹೇಳುತ್ತದೆ. 2005ರ ಕತ್ರಿನಾ, 2021ರ ಐಡಾ ಚಂಡಮಾರುತಗಳ ನಂತರ ಕರೆಂಟಿಲ್ಲದ ಮನೆಗಳಲ್ಲಿ ಹೀಗೇ ಸಾವುಗಳಾದವು. ಗಾಳಿಗೆ, ನೀರಿಗೆ ಬದುಕುಳಿದವರು ದೀಪಕ್ಕಾಗಿ ತಂದ ಯಂತ್ರದಿಂದ ಸತ್ತರು. ಒಂದು ಸಣ್ಣ ಜನರೇಟರ್ ನೂರಾರು ಕಾರುಗಳಷ್ಟು ಕಾರ್ಬನ್ ಮೊನಾಕ್ಸೈಡ್ ಬಿಡಬಲ್ಲದು ಎಂಬುದು ಅದೇ ಆಯೋಗದ ಎಚ್ಚರಿಕೆ. ಕಿಟಕಿ ತೆರೆದಿಟ್ಟರೆ, ಫ್ಯಾನ್ ಹಾಕಿದರೆ ಸಾಲದು. ಮನೆಯಿಂದ ಕನಿಷ್ಠ 20 ಅಡಿ ದೂರ ಇರಬೇಕು. ಸೈಲೆನ್ಸರಿನ ಬಾಯಿ ಬಾಗಿಲು, ಕಿಟಕಿಗಳ ಕಡೆ ಇರಬಾರದು. ಜಗಲಿ, ಕಾರ್ ಶೆಡ್, ಮೆಟ್ಟಿಲ ಕೆಳಗಿನ ಜಾಗ, ಅರ್ಧ ಶಟರ್ ಎಳೆದ ಅಂಗಡಿ, ಇವೆಲ್ಲ 'ಒಳಗೆ' ಎಂದೇ ಲೆಕ್ಕ.

ಆಸ್ಪತ್ರೆಯಿಂದ ಬಂದ ಮೇಲೆ ಮನೆಯಲ್ಲಿ ಒಂದು ಸಣ್ಣ ಯುದ್ಧ ನಡೆಯಿತು. ಜನರೇಟರನ್ನು ಬಾವಿಯ ಹತ್ತಿರ ಸಾಗಿಸಬೇಕೆಂದು ನಾನು. ಅಷ್ಟು ಉದ್ದದ ದಪ್ಪ ವೈರಿಗೆ ದುಡ್ಡೆಷ್ಟು ಗೊತ್ತಾ ಎಂದು ಮೈದುನ. "ಹಾಗಾದ್ರೆ ದುರ್ಗದ ಬೆಟ್ಟದ ತುದೀಲೇ ಇಟ್ಟು ಬರೋಣ್ವಾ ಭಾಭಿ?" ಎಂದು ಕುಹಕ ಬೇರೆ. ಯಜಮಾನರು ಎಂದಿನಂತೆ ಪೇಪರ್ ಓದುತ್ತಿದ್ದರು. ತೀರ್ಪು ಕೊಟ್ಟವರು ಅತ್ತೆ. "ನನ್ನ ಮೊಮ್ಮಗಳು ದೊಡ್ಡದೋ ನಿನ್ನ ವೈರ್ ದೊಡ್ಡದೋ?" ಎಂದರು, ಅಷ್ಟೇ. ಮರುದಿನ ಬಾವಿಯ ಪಕ್ಕ ನಾಲ್ಕು ಕಲ್ಲುಕಂಬ ನೆಟ್ಟು ಮೇಲೆ ಶೀಟು ಹೊದಿಸಿದರು, ನಾಲ್ಕು ಕಡೆಯೂ ಬಯಲು. ಕಳ್ಳರ ಭಯಕ್ಕೆ ಕಂಬಕ್ಕೆ ಸರಪಳಿ ಬೀಗ. ವೈರಿಗೆ ಆದ ಖರ್ಚು ಆಸ್ಪತ್ರೆಯ ಓಡಾಟಕ್ಕಿಂತ ಕಡಿಮೆ.

ವೈರ್ ಎಂದಾಗ ಇನ್ನೊಂದು ಮಾತು. ಕೆಲವರು ಎರಡೂ ತುದಿಗೆ ಪಿನ್ ಇರುವ ವೈರ್ ಮಾಡಿಸಿಕೊಂಡು ಜನರೇಟರಿನಿಂದ ಗೋಡೆಯ ಸಾಕೆಟ್ಟಿಗೆ ಸಿಕ್ಕಿಸುತ್ತಾರೆ. ಇಡೀ ಮನೆಗೆ ದೀಪ ಬರುತ್ತದೆ, ನಿಜ. ಆದರೆ ಮೇನ್ ಸ್ವಿಚ್ ಆರಿಸಿರದಿದ್ದರೆ ಆ ಕರೆಂಟ್ ಹೊರಗಿನ ತಂತಿಗೂ ಹೋಗುತ್ತದೆ. ಟ್ರಾನ್ಸ್‌ಫಾರ್ಮರ್ 11,000 ವೋಲ್ಟನ್ನು 230ಕ್ಕೆ ಇಳಿಸುವುದು ಹೇಗೋ, ಹಿಂದಿನಿಂದ ಬಂದ 230ನ್ನು 11,000ಕ್ಕೆ ಏರಿಸುವುದೂ ಹಾಗೇ. ಲೈನ್ ಸತ್ತಿದೆ ಎಂದು ನಂಬಿ ಕಂಬ ಹತ್ತಿದ ಬೆಸ್ಕಾಂನ ಲೈನ್‌ಮ್ಯಾನ್ ಗತಿ ಏನು? ಅವರೂ ಒಬ್ಬ ತಾಯಿಯ ಮಗ. ಚೇಂಜ್‌ಓವರ್ ಸ್ವಿಚ್ ಹಾಕಿಸಿದರೆ ಎರಡೂ ಕರೆಂಟ್ ಎಂದೂ ಸೇರುವುದಿಲ್ಲ. ತಿಳಿದ ಎಲೆಕ್ಟ್ರಿಷಿಯನ್ನರಿಗೆ ಅದು ದೊಡ್ಡ ಕೆಲಸವೂ ಅಲ್ಲ.

ಇನ್ನು ಪೆಟ್ರೋಲ್. ನಮ್ಮ ಹಿರಿಯರಿಗೆ ರೂಢಿಯಿದ್ದದ್ದು ಸೀಮೆಎಣ್ಣೆ. ಪಡಿತರದ ಸೀಮೆಎಣ್ಣೆ ನಮ್ಮ ಕಡೆ ಈಗ ಬಹುಮಟ್ಟಿಗೆ ಮರೆಯಾದರೂ ಅದರ ರೂಢಿ ಉಳಿದಿದೆ. ಬಾಟಲಿಯಲ್ಲಿ ತುಂಬಿ ಒಲೆ ಪಕ್ಕ ಇಡುವುದು, ಲಾಟೀನಿನ ಬೆಳಕಿನಲ್ಲಿ ಸುರಿಯುವುದು ಆ ರೂಢಿ. ಸೀಮೆಎಣ್ಣೆ ಕಿಡಿಗೆ ಹೊತ್ತಿಕೊಳ್ಳುವಷ್ಟು ಆವಿ ಬಿಡಲು ಸುಮಾರು 35ರಿಂದ 40 ಡಿಗ್ರಿ ಬಿಸಿ ಬೇಕು. ಪೆಟ್ರೋಲಿಗೆ ಸೊನ್ನೆಗಿಂತ 40 ಡಿಗ್ರಿ ಕೆಳಗಿನ ಚಳಿಯಲ್ಲೂ ಅಷ್ಟು ಆವಿ ಏಳುತ್ತದೆ. ಆ ಆವಿ ಗಾಳಿಗಿಂತ ಭಾರ. ಮೇಲೆ ಹೋಗದೆ ನೆಲದ ಮೇಲೆ ನೀರಿನ ಹಾಗೆ ಹರಿದು, ತಗ್ಗಿನಲ್ಲಿ ನಿಂತು, ದೂರದ ಕಿಡಿಯವರೆಗೂ ಹೋಗುತ್ತದೆ. ಬಚ್ಚಲಿನಲ್ಲಿ ಹಂಡೆಯ ಒಲೆ ಉರಿಯುವ ನಮ್ಮ ಮನೆಗಳಲ್ಲಿ ಪೆಟ್ರೋಲ್ ಕ್ಯಾನನ್ನು ಅದೇ ಬಚ್ಚಲಲ್ಲಿಡುವುದನ್ನು ನೆನೆದರೆ ಮೈ ನಡುಗುತ್ತದೆ. ಗುರುವಾರ ಸಂಜೆ ಕೋಣೆಯಿಂದ ಕೋಣೆಗೆ ಲೋಬಾನದ ಕೆಂಡ ಒಯ್ಯುವ ಮನೆಗಳಿಗೂ ಈ ಮಾತು ಸಲ್ಲುತ್ತದೆ.

ಬಿಸಿ ಎಂಜಿನ್ನಿಗೆ ಪೆಟ್ರೋಲ್ ತುಂಬಬಾರದೆಂಬುದಕ್ಕೆ ಅಬ್ಬಾ ಒಂದು ಅಳತೆ ಇಟ್ಟಿದ್ದರು. "ಮೊದ್ಲು ಹೋಗಿ ಒಂದು ಟೀ ಕುಡಿದು ಬಾ" ಎನ್ನುತ್ತಿದ್ದರು. ಹೋಟೆಲಿಗೆ ನಡೆದು, ಕುಡಿದು, ಬರುವಷ್ಟರಲ್ಲಿ ಹದಿನೈದು ನಿಮಿಷ. ಅಷ್ಟರಲ್ಲಿ ಸೈಲೆನ್ಸರ್ ತಣ್ಣಗಾಗಿರುತ್ತದೆ. ಮದುವೆ ಮನೆಯಲ್ಲಿ ದೀಪ ಆರಬಾರದೆಂದು ಓಡುತ್ತಿರುವಾಗಲೇ ಟ್ಯಾಂಕಿಗೆ ಸುರಿಯುವುದನ್ನು ಎಷ್ಟು ಕಡೆ ನೋಡಿಲ್ಲ! ಐದು ನಿಮಿಷ ಕತ್ತಲಾದರೆ ಯಾರ ಮದುವೆಯೂ ನಿಲ್ಲುವುದಿಲ್ಲ. ಟ್ಯಾಂಕನ್ನು ಕತ್ತಿನವರೆಗೆ ತುಂಬಬಾರದು, ಬಿಸಿಗೆ ಹಿಗ್ಗಲು ಜಾಗ ಬೇಕು. ಚೆಲ್ಲಿದ್ದನ್ನು ಒರೆಸಿ, ಆ ಬಟ್ಟೆಯನ್ನು ಹೊರಗೆ ಒಣಗಿಸಿ, ಕ್ಯಾನ್ ದೂರ ಇಟ್ಟ ಮೇಲೆ ಹಗ್ಗ ಎಳೆಯಬೇಕು. ನೀರಿನ ಬಾಟಲಿಯಲ್ಲಿ ಪೆಟ್ರೋಲ್ ಇಡಲೇಬಾರದು. ನೀರಡಿಸಿದ ಮಗು ಬಾಟಲಿ ಕಂಡರೆ ಬಾಯಿಗೇ ಇಡುವುದು. ಹಾಗೇನಾದರೂ ಕುಡಿದುಬಿಟ್ಟರೆ ವಾಂತಿ ಮಾಡಿಸಬಾರದು, ಶ್ವಾಸಕೋಶಕ್ಕೆ ಹೋದರೆ ಕೆಟ್ಟದು. ನೇರ ಆಸ್ಪತ್ರೆಗೆ ಹೋಗಬೇಕು. ಪೆಟ್ರೋಲ್ ಬೆಂಕಿಗೆ ನೀರು ಎರಚಿದರೆ ಪೆಟ್ರೋಲ್ ನೀರಿನ ಮೇಲೆ ತೇಲಿ ಬೆಂಕಿ ಹರಡುತ್ತದೆ. ಮರಳು ಬೇಕು. ನಮ್ಮ ಶೀಟಿನ ಕೆಳಗೆ ಒಂದು ಬಕೆಟ್ ಮರಳು ಸದಾ ಇರುತ್ತದೆ, ಕೋಳಿಗಳು ಕೆದಕದ ಹಾಗೆ ಮೇಲೊಂದು ತಟ್ಟೆ ಮುಚ್ಚಿರುತ್ತದೆ.

ತಿಂಗಳುಗಟ್ಟಲೆ ಟ್ಯಾಂಕಿನಲ್ಲಿ ಬಿಟ್ಟ ಪೆಟ್ರೋಲೂ ಒಳ್ಳೆಯದಲ್ಲ. ಈಗ ಬಂಕಿನಲ್ಲಿ ಸಿಗುವುದರಲ್ಲಿ ಶೇ. 20ರಷ್ಟು ಎಥೆನಾಲ್ ಇದೆ, ಅದು ಗಾಳಿಯ ತೇವ ಹೀರಿಕೊಳ್ಳುತ್ತದೆ. ಹಳೆಯ ಯಂತ್ರಗಳ ರಬ್ಬರ್ ಪೈಪು ಗಟ್ಟಿಯಾಗಿ ಬಿರುಕು ಬಿಟ್ಟು ಸೋರುವುದುಂಟು. ಮಳೆಗಾಲದ ಕೊನೆಗೆ ಬ್ರಷ್ ಕಟರ್ ಎತ್ತಿಡುವಾಗ ಟ್ಯಾಂಕ್ ಖಾಲಿ ಮಾಡಿ, ಉಳಿದದ್ದು ಉರಿದು ತಾನೇ ನಿಲ್ಲುವವರೆಗೆ ಓಡಿಸಿ ಇಡುತ್ತೇವೆ.

ಬ್ರಷ್ ಕಟರ್ ಈಗ ತುಮಕೂರು, ಗುಬ್ಬಿ ಕಡೆ ತೋಟವಿರುವ ಬಹುತೇಕರ ಮನೆಯಲ್ಲಿದೆ. ಕಳೆ ತೆಗೆಯಲು ಆಳು ಸಿಗುವುದಿಲ್ಲ. ಹವಾಯಿ ಚಪ್ಪಲಿ, ಲುಂಗಿಯಲ್ಲೇ ಹೆಗಲಿಗೇರಿಸಿಕೊಂಡು ಹೊರಡುತ್ತಾರೆ. ಅದರ ಬ್ಲೇಡು ಎಂಥ ರಭಸದ್ದೆಂದು ಒಮ್ಮೆ ಕಂಡೆವು. ಮೈದುನ ಬದುವಿನ ಹುಲ್ಲು ಕೊಚ್ಚುತ್ತಿದ್ದಾಗ ಗೋಲಿಯಷ್ಟು ಕಲ್ಲೊಂದು ಸಿಡಿದು ಅಂಗಳದ ಪ್ಲಾಸ್ಟಿಕ್ ನೀರಿನ ಡ್ರಮ್ ತೂತಾಯಿತು. ನನ್ನ ಮಗ ಅದೇ ಡ್ರಮ್ಮಿನ ಹತ್ತಿರ ಆಡುತ್ತಿರುತ್ತಾನೆ. ಆ ದಿನ ಮದರಸಾಕ್ಕೆ ಹೋಗಿದ್ದ. ಯಂತ್ರದ ಸುತ್ತ 15 ಮೀಟರ್, ಅಂದರೆ 50 ಅಡಿಯೊಳಗೆ ಯಾರೂ ಇರಬಾರದೆಂದು ಅದರ ಪುಸ್ತಕದಲ್ಲೇ ಬರೆದಿರುತ್ತದೆ. ಯಾರು ಓದುತ್ತಾರೆ? ಈಗ ನಮ್ಮಲ್ಲಿ ಬ್ರಷ್ ಕಟರ್ ಸದ್ದು ಕೇಳಿದರೆ ಮಕ್ಕಳನ್ನು ಒಳಗೆ ಕರೆಯುವುದು ನಮ್ಮ ಕೆಲಸ. ಬೂಟು, ಕನ್ನಡಕ ಇಲ್ಲದೆ ಹೊರಟರೆ ಊಟಕ್ಕೆ ಕರೆಯುವುದಿಲ್ಲ ಎಂದು ಅತ್ತೆ ಹೆದರಿಸಿದ್ದಾರೆ.

ಹೆಂಗಸರೇ ಓಡಿಸುವ ಯಂತ್ರವೂ ಒಂದಿದೆ, ದನಗಳಿಗೆ ಜೋಳದ ಸೊಪ್ಪೆ ಕತ್ತರಿಸುವುದು. ಕರೆಂಟ್ ಇಲ್ಲದ ಕಡೆ ಅದಕ್ಕೂ ಸಣ್ಣ ಪೆಟ್ರೋಲ್ ಎಂಜಿನ್ ಕೂರಿಸುತ್ತಾರೆ. ಇಲ್ಲಿ ನಮ್ಮ ಉಡುಪಿನ ಬಗ್ಗೆ ಎರಡು ಮಾತು ಹೇಳಲೇಬೇಕು. ಇಳಿಬಿದ್ದ ದುಪಟ್ಟಾ, ಸೆರಗು, ಅಗಲ ತೋಳು, ಬಿಟ್ಟ ಜಡೆ ಬೆಲ್ಟಿಗೆ ಸಿಕ್ಕರೆ ಕಣ್ಣು ಮಿಟುಕಿಸುವಷ್ಟರಲ್ಲಿ ಸುತ್ತಿಕೊಳ್ಳುತ್ತದೆ. ಕೂಗಿದರೂ ಎಂಜಿನ್ ಸದ್ದಿನಲ್ಲಿ ಕೇಳಿಸುವುದಿಲ್ಲ. ತಲೆ ಮುಚ್ಚಿಕೊಳ್ಳಲು ಬೇಕಾದರೆ ಚಿಕ್ಕ ಸ್ಕಾರ್ಫ್ ಬಿಗಿಯಾಗಿ ಕಟ್ಟಿ ತುದಿಗಳನ್ನು ಒಳಗೆ ಸೇರಿಸಿ, ಮೇಲೆ ಉದ್ದ ತೋಳಿನ ಗಂಡಸರ ಶರ್ಟ್ ಹಾಕಿ ಗುಂಡಿ ಹಾಕಿಕೊಳ್ಳಬಹುದು. ಪರದೆಗೂ ಕೊರತೆಯಿಲ್ಲ, ಕೆಲಸಕ್ಕೂ ಹಗುರ. ಬೆಲ್ಟಿನ ಮೇಲಿನ ತಗಡಿನ ಮುಚ್ಚಳವನ್ನು ಅಡ್ಡಿಯೆಂದು ಬಿಚ್ಚಿಟ್ಟಿರುತ್ತಾರೆ. ಅದನ್ನು ಮತ್ತೆ ಹಾಕಿಸಿ. ಸೊಪ್ಪೆ ಸಿಕ್ಕಿಕೊಂಡರೆ ಎಂಜಿನ್ ಆರಿಸಿದರಷ್ಟೇ ಸಾಲದು, ಸ್ಪಾರ್ಕ್ ಪ್ಲಗ್ಗಿನ ಟೋಪಿಯನ್ನು ಕೀಳಬೇಕು. ಕೈಯಿಂದ ಬ್ಲೇಡ್ ತಿರುಗಿಸಿದಾಗ ಎಂಜಿನ್ನೂ ತಿರುಗುತ್ತದೆ, ಒಳಗೆ ಉಳಿದ ಆವಿಗೆ ಒಂದು ಕಿಡಿ ಸಾಕು. ಅಬ್ಬಾ ಯಾವುದೇ ಎಂಜಿನ್ ಬಿಚ್ಚುವ ಮೊದಲು ಆ ಟೋಪಿ ಕಿತ್ತು ನನ್ನ ಕಡೆ ತೋರಿಸುತ್ತಿದ್ದರು, ನಾನು 'ಹೂಂ' ಎನ್ನಬೇಕಿತ್ತು.

ಸುಟ್ಟ ಗಾಯಗಳದ್ದು ಬೇರೆಯೇ ಕಥೆ. ಸೈಲೆನ್ಸರಿಗೆ ತಾಗಿದ ಮಕ್ಕಳ ಮೊಣಕಾಲುಗಳು ನಮ್ಮ ಕಡೆ ಎಷ್ಟೋ. ಹರಿಯುವ ತಣ್ಣೀರಿನ ಕೆಳಗೆ ಇಪ್ಪತ್ತು ನಿಮಿಷ ಹಿಡಿಯಬೇಕು. ಟೂತ್‌ಪೇಸ್ಟ್, ತುಪ್ಪ, ಶಾಯಿ ಯಾವುದೂ ಬೇಡ.

ಬೇಸಿಗೆಯಲ್ಲಿ ಬೆಟ್ಟದ ಚಿಂತೆ ಶುರುವಾಗುತ್ತದೆ. ಫೆಬ್ರವರಿ ಬಂತೆಂದರೆ ದೇವರಾಯನದುರ್ಗದ ಇಳಿಜಾರಿನ ಹುಲ್ಲೆಲ್ಲ ಒಣಗಿ ಹೊಂಬಣ್ಣವಾಗಿ ನಿಲ್ಲುತ್ತದೆ. ನೋಡಲು ಚೆಂದ, ಒಂದು ಕಿಡಿಗೆ ಕಾದಿರುತ್ತದೆ. ಅರಣ್ಯ ಇಲಾಖೆಯವರು ಬೆಂಕಿರೇಖೆ ಮಾಡುತ್ತಾರೆ, ವಾಚರ್‌ಗಳು ತಿರುಗುತ್ತಿರುತ್ತಾರೆ. ಬೀಡಿ ಸೇದುವವರನ್ನು ಎಲ್ಲರೂ ಬಯ್ಯುತ್ತಾರೆ. ಆದರೆ ಬೇಲಿಯಂಚಿನಲ್ಲಿ ಕೆಲಸ ನಿಲ್ಲಿಸಿ ಬಿಸಿ ಬ್ರಷ್ ಕಟರನ್ನು ಒಣಹುಲ್ಲಿನ ಮೇಲೆ ಇಟ್ಟು ಊಟಕ್ಕೆ ಹೋಗುವವರನ್ನು ಯಾರೂ ಏನೂ ಅನ್ನುವುದಿಲ್ಲ. ಆ ಸೈಲೆನ್ಸರಿಗೆ ಹುಲ್ಲು ಹೊತ್ತಿಸುವಷ್ಟು ಬಿಸಿ ಇರುತ್ತದೆ. ಒಳಗೆ ಕಿಡಿ ತಡೆಯುವ ಸಣ್ಣ ಜಾಲರಿ ಇರುತ್ತದೆ; ಮಸಿ ಕಟ್ಟಿ ಎಂಜಿನ್ ಎಳೆಯುತ್ತಿಲ್ಲವೆಂದು ಕೆಲವರು ಅದನ್ನು ಕಿತ್ತೇ ಎಸೆಯುತ್ತಾರೆ, ಉಜ್ಜಿ ಹಾಕುವ ತಾಳ್ಮೆ ಇಲ್ಲ. ಕಬ್ಬಿಣದ ಬ್ಲೇಡ್ ಇಲ್ಲಿನ ಗಟ್ಟಿ ಕಲ್ಲಿಗೆ ಬಡಿದರೂ ಕಿಡಿ ಹಾರುತ್ತದೆ, ಅಂಥ ಕಡೆ ನೈಲಾನ್ ದಾರ ವಾಸಿ. ಕಳೆದ ಎರಡು ಬೇಸಿಗೆಯಿಂದ ನಮ್ಮ ತೋಟದಲ್ಲಿ ಕಾಡಿನ ಕಡೆಯ ಬದುವನ್ನು ಬೆಳಗಿನ ಇಬ್ಬನಿ ಆರುವ ಮೊದಲೇ ಕೊಚ್ಚಿ ಮುಗಿಸುತ್ತೇವೆ. ಯಂತ್ರ ಇಡುವುದು ಬರೀ ಮಣ್ಣಿನ ಮೇಲೆ. ಈ ಬೆಟ್ಟದಲ್ಲೇ ಶಿಂಷಾ ಹುಟ್ಟುವುದು, ಜಯಮಂಗಲಿ ಹುಟ್ಟುವುದು. ಹುಲ್ಲು ಸುಟ್ಟ ಇಳಿಜಾರಿನಲ್ಲಿ ಮಳೆಯ ನೀರು ನಿಲ್ಲದೆ ಮಣ್ಣು ಸಮೇತ ಇಳಿದುಬಿಡುತ್ತದೆ, ನಮ್ಮ ಬಾವಿಗೆ ಬರುವುದು ಆ ಬೆಟ್ಟದ ಒರತೆಯೇ.

ನಾದಿನಿಯ ಮಗಳು ಈಗ ಓಡಾಡುತ್ತಾಳೆ, ಮಾತೂ ಜೋರು. ತಾಯಿಯದು ಅದಕ್ಕಿಂತ ಜೋರು. ಮೊನ್ನೆ ಕುಣಿಗಲ್ಲಿನಲ್ಲಿ ಅವರ ಸಂಬಂಧಿಕರ ಮನೆಯ ನಿಖಾ. ನಮ್ಮ ಸಮಾರಂಭಗಳ ಏರ್ಪಾಡು ನಿಮಗೆಲ್ಲ ಗೊತ್ತಲ್ಲ: ಮುಂದೆ ಗಂಡಸರ ಶಾಮಿಯಾನ, ಹಿಂದೆ ಬಟ್ಟೆ ಕಟ್ಟಿದ ಹೆಂಗಸರ ಜಾಗ, ಅದರ ಹಿಂದೆ ಅಡುಗೆ. ಸದ್ದು ಮುಂದಿನವರಿಗೆ ಕೇಳಬಾರದೆಂದು ಜನರೇಟರನ್ನು ಯಾವಾಗಲೂ ಹಿಂದೆಯೇ ಇಡುತ್ತಾರೆ, ಅಂದರೆ ನಮ್ಮ ಮಗ್ಗುಲಿಗೆ. ಅಲ್ಲೇ ಮಕ್ಕಳನ್ನು ಮಲಗಿಸಿರುತ್ತಾರೆ, ಅಲ್ಲೇ ಮದುಮಗಳು ಕೂತಿರುತ್ತಾಳೆ. ತಲೆನೋವು ಬಂದರೆ ಜರಿ ಸೀರೆ, ಅತ್ತರು, ಗದ್ದಲ ಎಂದು ಅಂದುಕೊಳ್ಳುತ್ತೇವೆ.

ನಾದಿನಿ ಒಳಗೆ ಹೋಗಲೇ ಇಲ್ಲವಂತೆ. ಮಗಳನ್ನು ಸೊಂಟದ ಮೇಲಿಟ್ಟುಕೊಂಡು ಶಾಮಿಯಾನದ ಹುಡುಗನನ್ನು ಕರೆಸಿದ್ದಾಳೆ. ವೈರ್ ಸಾಲಲ್ಲ ಅಕ್ಕಾ ಎಂದನಂತೆ. "ಸಾಲದಿದ್ರೆ ತರಿಸು, ಅಲ್ಲೀವರೆಗೂ ಆರಿಸಿಡು. ನಾವು ಕತ್ತಲಲ್ಲಿ ಕೂತಿರ್ತೀವಿ" ಎಂದು ಇವಳು. ಮದುಮಗಳ ಖಾಲಾ ಒಬ್ಬರು, ಏನಿದು ಹೊಸ ಗಲಾಟೆ ಎಂದು ಮುಖ ಸಿಂಡರಿಸಿದರಂತೆ. ಆದರೆ ಜೊತೆಗಿದ್ದ ನಾಲ್ಕೈದು ಹೆಂಗಸರು ಮಕ್ಕಳನ್ನೆತ್ತಿಕೊಂಡು ಎದ್ದು ಹೊರಗೆ ಬಂದು ನಿಂತರು. ಬಿರಿಯಾನಿಯ ದೇಗು ಇಳಿಸುವ ಹೊತ್ತಿಗೆ ಜನರೇಟರ್ ರಸ್ತೆಯಾಚೆಯ ಹುಣಸೆಮರದ ಕೆಳಗಿತ್ತಂತೆ, ಅದರ ಪಕ್ಕ ಒಂದು ಬಕೆಟ್ ಮರಳೂ ಇತ್ತಂತೆ. ಮರಳು ಯಾರು ಹೇಳಿ ಇಡಿಸಿದರು ಎಂದು ಫೋನಿನಲ್ಲಿ ಕೇಳಿದೆ. "ಆ ಖಾಲಾನೇ" ಎಂದು ನಕ್ಕಳು.